ಮಾತ್ರೆ ಬಿಟ್ಟೆ ಎಂದು ಮೈಕಿನಲ್ಲಿ ಹೇಳಿದ ವರ್ಷ

ಕಳೆದ ಭಾನುವಾರ ಬಸವನಗುಡಿಯ ಪಾರ್ಕಿನ ಗೇಟಿನ ಬಳಿ ಹಾದುಹೋಗುವಾಗ ಬೂದುಗುಂಬಳದ ರಸದ ಹಸಿ ವಾಸನೆ ಮೂಗಿಗೆ ಬಡಿಯಿತು. ತಳ್ಳುಗಾಡಿಯ ಮೇಲೆ ಸ್ಟೀಲಿನ ಡಬ್ಬಗಳು ಸಾಲಾಗಿ ನಿಂತಿದ್ದವು. ಬೂದುಗುಂಬಳ, ಹಾಗಲ, ಬಾಳೆದಿಂಡು, ಗೋಧಿಹುಲ್ಲು. ವಾಕಿಂಗ್ ಮುಗಿಸಿದವರು ಮುಖ ಕಿವುಚಿಕೊಂಡು, ಏನೋ ಪುಣ್ಯದ ಕೆಲಸ ಮಾಡುತ್ತಿರುವವರಂತೆ ಗುಟುಕರಿಸುತ್ತಿದ್ದರು. ಅವರ ತಪ್ಪೇನೂ ಇಲ್ಲ. ಗಾಡಿಯವನ ತಪ್ಪೂ ಇಲ್ಲ. ಆದರೂ ನನ್ನ ಮೈಯೆಲ್ಲ ಉರಿದುಹೋಯಿತು. ಜತೆಯಲ್ಲಿದ್ದ ನನ್ನ ಯಜಮಾನರು ನಾಗರಾಜ್, ನನ್ನ ಮುಖ ನೋಡಿದವರೇ ರಸ್ತೆ ದಾಟಿಸಿ ಆಚೆ ಫುಟ್‌ಪಾತಿಗೆ ಕರೆದುಕೊಂಡು ಹೋದರು. ಮೂರು ವರ್ಷದ ಹಿಂದಿನ ಆ ಬೇಸಿಗೆಯ ಬಗ್ಗೆ ನಾವಿಬ್ಬರೂ ಮನೆಯಲ್ಲಿ ಮಾತಾಡುವುದಿಲ್ಲ. ಮಾತಾಡದೆ ಇದ್ದೂ ಇದ್ದೂ ಅದು ಒಳಗೇ ಕೊಳೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋರ್ಟಿನಲ್ಲಿ ಟೈಪಿಸ್ಟ್. ಮನೆ ಚಾಮರಾಜಪೇಟೆಯಲ್ಲಿ. ಕಟಕಟೆಯಲ್ಲಿ ನಿಂತು ಸಾಕ್ಷಿಗಳು ಹೇಳಿದ್ದನ್ನು ನ್ಯಾಯಾಧೀಶರು ಒಪ್ಪಮಾಡಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಬೆರಳುಗಳೇ ನನ್ನ ಅನ್ನ. ಆ ಬೆರಳುಗಳಿಗೇ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸಂಧಿವಾತ ಹಿಡಿಯಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹಲ್ಲುಜ್ಜುವ ಬ್ರಶ್ಶು ಜಾರಿ ಬೀಳುತ್ತಿತ್ತು. ಅಂದಿನಿಂದ ಪ್ರತಿ ಭಾನುವಾರ ಒಂದು ಪುಟ್ಟ ಹಳದಿ ಮಾತ್ರೆ, ಸೋಮವಾರವಿಡೀ ಹೊಟ್ಟೆ ತೊಳಸು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಹೀಗೇ ಹನ್ನೊಂದು ವರ್ಷ.

ಹನ್ನೊಂದು ವರ್ಷ ಮಾತ್ರೆ ನುಂಗುವುದು ಕಷ್ಟವಲ್ಲ. ನುಂಗುವವಳನ್ನು ಜನ ನೋಡುವ ರೀತಿ ಇದೆಯಲ್ಲ, ಅದು ಕಷ್ಟ. ಮದುವೆ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಆಫೀಸಿನ ಊಟದ ಕೋಣೆಯಲ್ಲಿ, ಎಲ್ಲೆಲ್ಲೂ ವೈದ್ಯರೇ. "ಇಷ್ಟು ಚಿಕ್ ವಯಸ್ಸಿಗೇ ಮಾತ್ರೇನಾ?" "ಲಿವರ್ ಹೋಗ್ಬಿಡತ್ತೆ ಕಣ್ರೀ, ನಮ್ಮ ಭಾವಮೈದಂಗೆ ಹಂಗೇ ಆಯ್ತು." "ಟೊಮೇಟೊ ಬಿಟ್ಬಿಡಿ, ನೋಡಿ ಆಮೇಲೆ." ನಾನು ನಕ್ಕು ತಲೆಯಾಡಿಸುತ್ತಿದ್ದೆ. ಒಂದು ದಿನವಾದರೂ ತಿರುಗಿ ನಾಲ್ಕು ಮಾತು ಅಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನು ನನ್ನ ಡಾಕ್ಟರು. ಬುದ್ಧಿವಂತರು, ಪ್ರಾಮಾಣಿಕರು, ಹೊರಗೆ ಅರವತ್ತು ಜನರನ್ನು ಕಾಯಿಸಿಕೊಂಡಿರುವವರು. ಪ್ರತಿ ಸಲ ಮೂರೇ ನಿಮಿಷ. ರಿಪೋರ್ಟಿನ ಮೇಲೆ ಕಣ್ಣಾಡಿಸಿ, "ಅದೇ ಕಂಟಿನ್ಯೂ ಮಾಡಿ. ತೂಕ ಸ್ವಲ್ಪ ಇಳಿಸಿ," ಎನ್ನುವರು. ಹೇಗೆ ಇಳಿಸಲಿ? ಮಂಡಿ ನೋಯುವವಳು ಎಷ್ಟು ನಡೆಯಬಹುದು? ಈ ಬೆರಳಿನಲ್ಲಿ ಚಪಾತಿ ಹಿಟ್ಟು ನಾದಬಹುದೇ, ನಾದಬಾರದೇ? ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿರುತ್ತಿತ್ತು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ಕೋರ್ಟಿನ ಎರಡನೆಯ ಮಹಡಿಗೆ ಹತ್ತುವಾಗ ಮೂರು ಸಲ ನಿಲ್ಲಬೇಕಾಗುತ್ತಿತ್ತು. ರೋಗವೇ ಹೋಗಿಬಿಡಲಿ ಎಂಬ ಆಸೆ ನನಗಿರಲಿಲ್ಲ. ಮೆಟ್ಟಿಲು ಹತ್ತುವ ಹಾಗಾಗಲಿ, ತುಂಬಿದ ಕೊಡ ಎತ್ತುವ ಹಾಗಾಗಲಿ, ಇಷ್ಟೇ. ಈ ಆಸೆ ತಪ್ಪಲ್ಲವೆಂದು ಇವತ್ತಿಗೂ ಹೇಳುತ್ತೇನೆ. ಆ ಆಸೆಯನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋದೆ ಎನ್ನುವುದೇ ತಪ್ಪಾಗಿದ್ದು.

ಪೇಪರಿನೊಳಗೆ ಒಂದು ಹಸಿರು ಪಾಂಪ್ಲೆಟ್ ಬಂದಿತ್ತು. ಗಾಂಧಿಬಜಾರಿನ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ ನಲವತ್ತೆಂಟು ದಿನದ ಆರೋಗ್ಯ ಶಿಬಿರ. ಬೆಳಿಗ್ಗೆ ಆರರಿಂದ ಎಂಟರವರೆಗೆ. ನಡೆಸುವವರನ್ನು ಎಲ್ಲರೂ ಗುರೂಜಿ ಎನ್ನುತ್ತಿದ್ದರು. ಬಿಳಿ ಜುಬ್ಬ, ಸಣ್ಣ ದನಿ, ಯಾವಾಗಲೂ ನಗು. ಮೊದಲ ದಿನವೇ ನನ್ನ ಎರಡೂ ಕೈ ಹಿಡಿದು ಒಂದೊಂದೇ ಬೆರಳನ್ನು ಮಡಿಸಿ ನೋಡಿದರು. "ಎಷ್ಟು ವರ್ಷದಿಂದ ನೋವು ತಿಂತಿದೀಯಮ್ಮ," ಎಂದರು. ಮಾರನೆಯ ದಿನ ಅಷ್ಟು ಜನರ ನಡುವೆ, "ಸವಿತಾ, ಇವತ್ತು ಬೆರಳು ಹೇಗಿದೆ?" ಎಂದು ಹೆಸರು ಹಿಡಿದು ಕರೆದರು. ನನಗೆ ಅಳುವೇ ಬಂದುಬಿಟ್ಟಿತು. ಹನ್ನೊಂದು ವರ್ಷದಲ್ಲಿ ಯಾರೂ ನನ್ನ ಬೆರಳನ್ನು ಹಾಗೆ ಹಿಡಿದು ನೋಡಿರಲಿಲ್ಲ. ಮೋಸಗಾರರೆಂದರೆ ಒರಟರಾಗಿರುತ್ತಾರೆಂದು ಯಾರು ಹೇಳಿದರೋ.

ಮಾತ್ರೆ ಬಿಡಿ ಎಂದು ಅವರು ಮೊದಲೇ ಹೇಳಲಿಲ್ಲ. ಮೊದಲು ನಡಿಗೆ, ಉಸಿರಾಟ, ಕರಿದದ್ದನ್ನು ಬಿಡುವುದು, ಹಸಿರು ರಸ. ಅದರಲ್ಲಿ ಅರ್ಧ ಒಳ್ಳೆಯದೇ. ಎರಡು ವಾರದಲ್ಲಿ ಮೈ ಹಗುರಾಯಿತು. ಮೂರನೆಯ ವಾರ ಒಂದು ಬೆಳಿಗ್ಗೆ ಹೇಳಿದರು: "ಮಾತ್ರೆ ರೋಗವನ್ನ ವಾಸಿ ಮಾಡಲ್ಲ. ರೋಗವನ್ನ ಸಾಕತ್ತೆ. ಸಾಕೋದನ್ನ ಸಾಕು ಮಾಡಿ." ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೋಯುವ ಕೈಯಿಂದ ಜೋರಾಗಿಯೇ ತಟ್ಟಿದೆ.

ಆ ಭಾನುವಾರ ಮಾತ್ರೆ ನುಂಗಲಿಲ್ಲ. ನಾಗರಾಜ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸದವರು, ಒಂದು ತಪ್ಪಕ್ಷರವನ್ನೂ ಬಿಡದ ಜಾತಿ. "ಡಾಕ್ಟರನ್ನ ಒಂದ್ ಮಾತು ಕೇಳು," ಎಂದರು.

"ಕೇಳಿದ್ರೆ ಮೂರು ನಿಮಿಷದಲ್ಲಿ ಬೈದು ಕಳಿಸ್ತಾರೆ. ನೋವು ನಂದು, ನಾನು ನೋಡ್ಕೋತೀನಿ."

ನಾಗರಾಜ್ ಕರಡಿನ ಹಾಳೆಗೆ ಮರಳಿದರು. ಆಮೇಲೆ ಎಷ್ಟೋ ಸಲ ಅವರ ಮೇಲೆ ಹರಿಹಾಯ್ದಿದ್ದೇನೆ, ಆವತ್ತು ಯಾಕೆ ಜಗಳ ಆಡಲಿಲ್ಲ ಎಂದು. ಅದೂ ನ್ಯಾಯವಲ್ಲ, ಗೊತ್ತು.

ಮುಂದಿನ ನಾಲ್ಕು ವಾರ ನನ್ನ ಬದುಕಿನಲ್ಲೇ ಅತಿ ಸುಖದ ವಾರಗಳು. ರಸ್ತೆಯುದ್ದಕ್ಕೂ ಗುಲಾಬಿ ಬಣ್ಣದ ಹೂ ಬಿಟ್ಟ ಮರಗಳು. ಸೋಮವಾರದ ಹೊಟ್ಟೆ ತೊಳಸು ಇಲ್ಲ. ಕೋರ್ಟಿನ ಮೆಟ್ಟಿಲನ್ನು ನಿಲ್ಲದೆ ಹತ್ತಿದೆ. ಔಷಧಿಯ ಬಲ ನಿಲ್ಲಿಸಿದ ಮೇಲೂ ಕೆಲವು ವಾರ ಮೈಯಲ್ಲಿ ಉಳಿದಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹಳೆಯ ಮಾತ್ರೆಯ ಋಣದಲ್ಲಿ ನಾನು ನಡೆಯುತ್ತಿದ್ದೆ, ಹೊಗಳಿಕೆ ಹುಲ್ಲಿನ ರಸಕ್ಕೆ ಹೋಗುತ್ತಿತ್ತು.

ಈಗ ಶಾರದಾಳ ವಿಷಯ ಹೇಳಬೇಕು. ಇಷ್ಟು ಹೊತ್ತು ಮುಂದೂಡಿದ್ದೂ ಅದಕ್ಕೇ.

ಶಾರದಾ ನಮ್ಮ ಪಕ್ಕದ ಗಲ್ಲಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮೂವತ್ತನಾಲ್ಕು ವಯಸ್ಸು. ಗಂಡ ಮಂಜುನಾಥ ಆಟೋ ಓಡಿಸುತ್ತಿದ್ದ. ಚಿಕ್ಕವಳಿದ್ದಾಗ ಬಂದ ಜ್ವರದಿಂದ ಹೃದಯದ ಒಂದು ಕವಾಟ ಕೆಟ್ಟು, ಇಪ್ಪತ್ತೆರಡಕ್ಕೆ ಆಪರೇಷನ್ ಆಗಿ ಲೋಹದ ಕವಾಟ ಹಾಕಿದ್ದರು. ಅಳತೆ ತೆಗೆಯಲು ಹತ್ತಿರ ಬಾಗಿದರೆ ಅವಳ ಎದೆಯೊಳಗಿನ ಟಿಕ್ ಟಿಕ್ ಕೇಳಿಸುತ್ತಿತ್ತು. "ನಂಗೆ ಗಡಿಯಾರ ಬೇಡ ಅಕ್ಕ," ಎಂದು ನಗುತ್ತಿದ್ದಳು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಬದುಕಿರುವವರೆಗೂ ದಿನಾ ನುಂಗಬೇಕು. ಸೊಪ್ಪು ಅಳತೆ ಮೀರಿ ತಿನ್ನಬಾರದು, ಅದು ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಇದೆಲ್ಲವನ್ನೂ ಅವಳು ಹನ್ನೆರಡು ವರ್ಷ ಚಾಚೂ ತಪ್ಪದೆ ಮಾಡಿದ್ದಳು. ಅವಳಿಗೆ ಸಹಿಸಲಾಗದಿದ್ದದ್ದು ಒಂದೇ: ಈ ಮಾತ್ರೆಯ ಮೇಲೆ ಬಸುರಾದರೆ ಮಗುವಿಗೂ ತಾಯಿಗೂ ಅಪಾಯ ಎಂದು ಡಾಕ್ಟರು ಹೇಳಿದ್ದು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಗಿರಾಕಿಗಳ ಮಕ್ಕಳಿಗೆ ಲಂಗ ಹೊಲಿಯುವಾಗ ಉಳಿದ ತುಂಡುಬಟ್ಟೆಯಲ್ಲಿ ಗೊಂಬೆಗೂ ಒಂದು ಲಂಗ ಹೊಲಿದುಕೊಡುತ್ತಿದ್ದಳು.

ಶಿಬಿರದ ಕೊನೆಯ ದಿನ ಸಮಾರೋಪಕ್ಕೆ ಅವಳನ್ನು ಕರೆದುಕೊಂಡು ಹೋದವಳು ನಾನೇ. "ಬಾರೇ, ನಾನು ಸ್ಟೇಜ್ ಮೇಲೆ ಮಾತಾಡ್ತಿದೀನಿ," ಎಂದು ಜಂಬದಿಂದಲೇ ಕರೆದಿದ್ದೆ. ಮಂಟಪ ತುಂಬಿತ್ತು. ಗುರೂಜಿ ನನ್ನ ಭುಜದ ಮೇಲೆ ಕೈಯಿಟ್ಟು, "ಕೋರ್ಟಲ್ಲಿ ಕೆಲಸ ಮಾಡೋ ಹೆಣ್ಣುಮಗಳು. ಸುಳ್ಳು ಹೇಳೋರಲ್ಲ. ಇವರ ಬಾಯಲ್ಲೇ ಕೇಳಿ," ಎಂದು ಮೈಕು ಕೊಟ್ಟರು. ಇಪ್ಪತ್ತು ವರ್ಷ ಬೇರೆಯವರ ಸಾಕ್ಷಿಯನ್ನು ಟೈಪ್ ಮಾಡಿದವಳಿಗೆ ಮೊದಲ ಸಲ ನನ್ನದೇ ಸಾಕ್ಷಿ ಹೇಳುವ ಅವಕಾಶ. ಹೇಳಿದೆ. ಹನ್ನೊಂದು ವರ್ಷದ ಮಾತ್ರೆ ಬಿಟ್ಟು ಒಂದು ತಿಂಗಳಾಯಿತು, ನೋವಿಲ್ಲ, ಹೆದರಿಸಿದವರೆಲ್ಲ ಸುಳ್ಳಾದರು ಎಂದೆ. ಕೈ ಎತ್ತಿ ಮುಷ್ಟಿ ಕಟ್ಟಿ ತೋರಿಸಿದೆ. ಚಪ್ಪಾಳೆಯ ಸದ್ದು ಇನ್ನೂ ಕಿವಿಯಲ್ಲಿದೆ. ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ತೆಗೆದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಶಾರದಾ ನನ್ನ ಮೊಣಕೈ ಹಿಡಿದಳು.

"ಅಕ್ಕಾ, ನಿಜವಾಗ್ಲೂ ಆಗತ್ತಾ?"

"ನನ್ನನ್ನೇ ನೋಡು," ಎಂದೆ.

ಅಷ್ಟೇ. ಬಿಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳ ಎದೆಯೊಳಗೆ ಏನಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಗಳಿಗೆಯಲ್ಲಿ ನನಗೆ ನಾನೇ ಎಷ್ಟು ದೊಡ್ಡವಳಾಗಿ ಕಾಣುತ್ತಿದ್ದೆನೆಂದರೆ, ಅವಳ ಎದೆ ನೆನಪಾಗಲಿಲ್ಲ.

ಯುಗಾದಿ ಕಳೆಯಿತು. ಏಪ್ರಿಲ್‌ನಲ್ಲಿ ಹೊಂಗೆಯ ಹೂ ರಸ್ತೆಯ ಮೇಲೆಲ್ಲ ಅಕ್ಕಿ ಚೆಲ್ಲಿದಂತೆ ಬೀಳುತ್ತಿದ್ದಾಗ ನನ್ನ ಬೆರಳುಗಳು ಮತ್ತೆ ಬಿಗಿದುಕೊಳ್ಳತೊಡಗಿದವು. ಮೊದಲು ಬಲಗೈಯ ಎರಡು, ಆಮೇಲೆ ಎಲ್ಲವೂ. ಮಣಿಕಟ್ಟು ಊದಿಕೊಂಡು ಬಳೆ ಕತ್ತರಿಸಿ ತೆಗೆಯಬೇಕಾಯಿತು. ಗುರೂಜಿಗೆ ಫೋನ್ ಮಾಡಿದೆ. "ಒಳಗಿನ ವಿಷ ಹೊರಗೆ ಹೋಗ್ತಿದೆ, ಒಳ್ಳೇ ಲಕ್ಷಣ. ಎರಡು ಲೋಟ ಜಾಸ್ತಿ ಮಾಡಿ," ಎಂದರು. ಎರಡು ಲೋಟ ಜಾಸ್ತಿ ಮಾಡಿದೆ. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಕೂತು, ಸುಳ್ಳು ಸಾಕ್ಷಿಗಳ ದನಿಯನ್ನೇ ಗುರುತು ಹಿಡಿಯಬಲ್ಲವಳು ನಾನು, ಲೋಟ ಹಿಡಿಯಲೂ ಬಾರದೆ ಎರಡೂ ಅಂಗೈಯಲ್ಲಿ ಒತ್ತಿಕೊಂಡು ಕುಡಿದೆ.

ಏಪ್ರಿಲ್ ಮಧ್ಯದ ಒಂದು ಭಾನುವಾರ ಬೆಳಿಗ್ಗೆ, ಕೊಟ್ಟಿದ್ದ ರವಿಕೆ ತರಲು ಶಾರದಾಳ ಮನೆಗೆ ಹೋದೆ. ಅವಳು ಮೆಷಿನ್ನಿನ ಮುಂದೆ ಕೂತು ಬಟ್ಟೆ ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಹಸಿರು ರಸದ ಲೋಟ. ನೋಡಿ ನಕ್ಕಳು. "ಕೂತ್ಕೊಳ್ಳಿ ಅಕ್ಕ, ಹುಕ್ಸ್ ಒಂದು ಬಾಕಿ," ಎಂದಳು. ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಾಗಿದವಳು ಹಾಗೇ ಪಕ್ಕಕ್ಕೆ ವಾಲಿದಳು. ಬಾಯಿಯ ಒಂದು ತುದಿ ಕೆಳಗೆ ಜಗ್ಗಿತ್ತು. ಏನೋ ಹೇಳಲು ಹೊರಟಳು, ಬಂದದ್ದು ಮಾತಲ್ಲ.

ನಾನು ಅವಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಮೊಬೈಲ್ ತೆಗೆದೆ. ಬೆರಳು ಮಡಿಸಲು ಬರುತ್ತಿಲ್ಲ, ಫೋನ್ ಹಿಡಿಯಲಾಗುತ್ತಿಲ್ಲ, ಎರಡು ಸಲ ಜಾರಿಬಿತ್ತು. ಕೊನೆಗೆ ಬಾಗಿಲಿಗೆ ಓಡಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಬೀದಿಯ ತುದಿಯಲ್ಲಿ ಆಟೋ ತೊಳೆಯುತ್ತಿದ್ದ ಮಂಜುನಾಥ ಬಕೆಟ್ ಬಿಸಾಡಿ ಓಡಿಬಂದ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಮ್ಮ ಮೊದಲು ಕೇಳಿದ್ದು, "ರಕ್ತ ತೆಳುವಾಗೋ ಮಾತ್ರೆ ಯಾವಾಗ ನಿಲ್ಲಿಸಿದ್ರು?"

"ನಿಲ್ಸಿಲ್ಲ ಮೇಡಂ, ದಿನಾ ತಗೋತಾಳೆ," ಎಂದ ಮಂಜುನಾಥ.

"ಐದಾರು ವಾರ ಆಗಿರತ್ತೆ," ಎಂದೆ ನಾನು, ಸಮಾರೋಪದ ದಿನದಿಂದ ಎಣಿಸಿ.

ಅವನು ನನ್ನ ಕಡೆ ತಿರುಗಿದ. ನಾನು ಹೇಗೆ ಬಲ್ಲೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಕವಾಟದ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರೊಂದು ಮಿದುಳಿಗೆ ಹೋಗಿತ್ತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಮುಕ್ಕಾಲು ಪಾಲು ಹೋಯಿತು.

ಮರುದಿನ ಗುರೂಜಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ದನಿ ಏರಿಸಲೇ ಇಲ್ಲ. "ನಾನು ಅವರಿಗೆ ಬಿಡಿ ಅಂತ ಹೇಳೇ ಇಲ್ವಲ್ಲಮ್ಮ. ಅವರು ನಮ್ಮ ಶಿಬಿರಕ್ಕೇ ಸೇರಿರ್ಲಿಲ್ಲ. ಡಾಕ್ಟರ ಸಲಹೆ ಪಡೀರಿ ಅಂತ ಪಾಂಪ್ಲೆಟ್ ಕೆಳಗೆ ಹಾಕಿದೀವಿ. ಅವರಿಗೆ ಹೇಳಿದ್ದು ನೀವು ತಾನೆ?" ಎಂದರು.

ಪಾಂಪ್ಲೆಟ್ ಹುಡುಕಿ ತೆಗೆದೆ. ನಿಜ, ತೀರಾ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಅಷ್ಟೇ ಅಲ್ಲ, ಅವನ ಕೊನೆಯ ಮಾತೂ ನಿಜವಾಗಿತ್ತು. ಸುಳ್ಳುಗಾರನ ಬಾಯಿಂದ ಬಂದ ಒಂದೇ ಒಂದು ನಿಜ, ಅದೂ ನನ್ನ ಎದೆಗೇ ನೆಟ್ಟದ್ದು. ಅಂದಿನಿಂದ ಅವನಿಗೆ ಬಹುವಚನ ಬಳಸುವುದನ್ನು ಬಿಟ್ಟೆ. ಪೊಲೀಸ್ ಸ್ಟೇಷನ್ನಿಗೂ ಹೋದೆ. "ಬರವಣಿಗೆಯಲ್ಲಿ ಏನಾದ್ರೂ ಕೊಟ್ಟಿದಾನಾ?" ಎಂದು ಕೇಳಿದರು. ಏನು ಕೊಟ್ಟಿದ್ದ? ಚಪ್ಪಾಳೆ ಕೊಟ್ಟಿದ್ದ.

ನನ್ನ ಡಾಕ್ಟರ ಬಳಿಗೂ ಹೋಗಲೇಬೇಕಾಯಿತು. ನನ್ನ ಕೈ ನೋಡಿದವರೇ ಸಿಡಿದರು. "ಓದಿದೋರು ನೀವು! ಯಾರನ್ನ ಕೇಳಿ ನಿಲ್ಲಿಸಿದ್ರಿ?"

ಅಷ್ಟು ದಿನ ಕಟ್ಟಿಕೊಂಡಿದ್ದದ್ದೆಲ್ಲ ಒಡೆಯಿತು. "ನಿಮ್ಮನ್ನ ಕೇಳೋಕೆ ಹನ್ನೊಂದು ವರ್ಷದಿಂದ ಚೀಟಿ ಬರ್ಕೊಂಡು ಬರ್ತಿದೀನಿ ಸಾರ್. ಹೆಂಗೆ ನಡೀಬೇಕು, ಏನು ತಿನ್ಬೇಕು, ಈ ಮಾತ್ರೆ ಒಳಗೆ ಏನು ಮಾಡತ್ತೆ, ಒಂದು ಸಲ ಹೇಳಿದ್ರಾ? ಅವನು ದಿನಾ ಎರಡು ಗಂಟೆ ಮಾತಾಡ್ದ. ಸುಳ್ಳೇ ಹೇಳ್ದ. ಆದ್ರೆ ಮಾತಾಡ್ದ ಸಾರ್!"

ನರ್ಸು ಬಾಗಿಲಲ್ಲೇ ನಿಂತುಬಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಚೀಟಿ ಇದೆಯಾ?" ಎಂದು ಕೇಳಿದರು. ಪರ್ಸಿನಲ್ಲಿತ್ತು. ಒಂದೊಂದಾಗಿ ಉತ್ತರ ಹೇಳಿದರು. ಹೊಟ್ಟೆ ತೊಳಸಿಗೂ ದಾರಿ ಇತ್ತಂತೆ, ಕೇಳಿದ್ದರೆ ಮಾತ್ರೆಯನ್ನು ಬೇರೆ ರೀತಿ ಕೊಡಬಹುದಿತ್ತಂತೆ. ನಡೆಯಬೇಕಂತೆ, ಆದರೆ ಊತ ಇಳಿದ ಮೇಲೆ. ಬೆರಳಿಗೆ ಬಿಸಿನೀರಿನಲ್ಲಿ ಮಾಡುವ ವ್ಯಾಯಾಮ ಕಲಿಸಲು ಕೆಳಗಿನ ಮಹಡಿಯಲ್ಲೇ ಒಬ್ಬರು ಇದ್ದರಂತೆ. ಹನ್ನೊಂದು ವರ್ಷದಿಂದ ಒಂದು ಮಹಡಿ ಕೆಳಗೆ! ಅವರು ಹೇಳುತ್ತ ಹೋದಂತೆ ಸಮಾಧಾನವಾಗುವ ಬದಲು ನನ್ನ ಸಿಟ್ಟು ಹೆಚ್ಚಾಗುತ್ತ ಹೋಯಿತು. ಇಪ್ಪತ್ತು ನಿಮಿಷ ಹಿಡಿಯಿತು. ಇಷ್ಟೇ ಇಪ್ಪತ್ತು ನಿಮಿಷ ಮೊದಲೇ ಸಿಕ್ಕಿದ್ದರೆ ಶಾರದಾ ಈಗಲೂ ಹುಕ್ಸು ಹಾಕುತ್ತಿದ್ದಳು.

ಮೇ ಪೂರ್ತಿ ರಜೆ. ಮತ್ತೆ ಭಾನುವಾರದ ಮಾತ್ರೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಇನ್ನೊಂದು ಹಸಿರು ಪಾಂಪ್ಲೆಟ್ ಬಂತು. ಅದೇ ಕಲ್ಯಾಣಮಂಟಪ, ಹೊಸ ಶಿಬಿರ. ಅದರಲ್ಲಿ ಮುಷ್ಟಿ ಎತ್ತಿ ನಿಂತ ನನ್ನ ಫೋಟೋ.

ಉದ್ಘಾಟನೆಯ ದಿನ ಕೊಡೆ ಹಿಡಿದುಕೊಂಡು ನಾನೊಬ್ಬಳೇ ಹೋದೆ. ನನ್ನನ್ನು ಕಂಡು ಅವನು ಒಂದು ಕ್ಷಣ ತಡೆದ, ಆಮೇಲೆ ನಕ್ಕ. ಪ್ರಶ್ನೆ ಕೇಳುವ ಹೊತ್ತಿಗೆ ಕಾರ್ಯಕರ್ತೆಯೊಬ್ಬಳು ಸಾಲಿನಲ್ಲಿ ಮೈಕು ತರುತ್ತಿದ್ದಳು. ನಾನು ಎದ್ದು ಎರಡೂ ಕೈಯಲ್ಲಿ ಹಿಡಿದೆ.

"ಆ ಫೋಟೋದಲ್ಲಿರೋಳು ನಾನೇ," ಎಂದೆ. "ಮಾತ್ರೆ ಬಿಟ್ಟೆ ಅಂತ ಇಲ್ಲೇ ನಿಂತು ಹೇಳಿದ್ದೆ. ಎರಡು ತಿಂಗಳಿಗೆ ಕೈ ಹೀಗಾಯ್ತು. ನನ್ನ ಮಾತು ನಂಬಿ ನನ್ನ ಸ್ನೇಹಿತೆ ಹಾರ್ಟಿನ ಮಾತ್ರೆ ಬಿಟ್ಳು. ಅವಳಿಗೆ ಲಕ್ವ ಹೊಡೀತು..."

ಅಲ್ಲಿಗೆ ಮೈಕು ಸತ್ತಿತು. ಗುರೂಜಿ ವೇದಿಕೆಯಿಂದ, "ಪಾಪ, ಶ್ರದ್ಧೆ ಕಳ್ಕೊಂಡಿದಾರೆ," ಎಂದ. ಮುಂದಿನ ಸಾಲಿನ ಹಿರಿಯರೊಬ್ಬರು, "ಕೂತ್ಕೊಳ್ರೀ, ಬೇರೆಯವರ ಟೈಮ್ ಹಾಳ್ಮಾಡ್ಬೇಡಿ," ಎಂದು ಗದರಿದರು. ನಾನು ಮೈಕು ಕೆಳಗಿಟ್ಟು, ಗಂಟಲು ಹರಿಯುವ ಹಾಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ: ನಡೀರಿ, ರಸ ಕುಡೀರಿ, ಏನು ಬೇಕಾದರೂ ಮಾಡಿ, ಮಾತ್ರೆ ಮುಟ್ಟುವ ಮುಂಚೆ ಬರೆದುಕೊಟ್ಟವರ ಎದುರು ಕೂತು ಕೇಳಿ, ಅವರು ಹೇಳದಿದ್ದರೆ ಹೇಳುವವರೆಗೂ ಏಳಬೇಡಿ. ಇಬ್ಬರು ಕಾರ್ಯಕರ್ತೆಯರು ಮೊಣಕೈ ಹಿಡಿದು ನನ್ನನ್ನು ಆಚೆ ತಂದರು. ಊದಿದ ಮೊಣಕೈಯನ್ನೇ ಹಿಡಿದಿದ್ದರು.

ಹಿಂದೆಯೇ ನಾಲ್ಕು ಜನ ಎದ್ದು ಬಂದರು. ನಾಲ್ಕೇ. ಅವರಲ್ಲೊಬ್ಬ ಹೆಂಗಸು ಮಳೆಯಲ್ಲೇ ಚೀಲ ಬಿಚ್ಚಿ ತನ್ನ ಮಾತ್ರೆಗಳನ್ನು ತೋರಿಸಿ ಕೇಳಿದಳು, "ಇದನ್ನ ಬಿಡ್ಬೋದಾ ಮೇಡಂ, ಬಿಡ್ಬಾರ್ದಾ?"

"ನನ್ನನ್ನ ಕೇಳ್ಬೇಡಿ," ಎಂದೆ. "ನಾನು ಟೈಪಿಸ್ಟು."

ಒಳಗೆ ಕೂತವರಿಗೆ ಶಿಬಿರ ನಡೆಯಿತು. ಈಗಲೂ ಬೇರೆ ಬಡಾವಣೆಗಳಲ್ಲಿ ನಡೆಯುತ್ತಿದೆ. ನನ್ನ ಆ ವಿಡಿಯೋ ಈಗಲೂ ಎಲ್ಲೆಲ್ಲಿಂದಲೋ ನನಗೇ ಬರುತ್ತದೆ. ಬಂದ ಕಡೆಗೆಲ್ಲ ಒಂದೇ ಉತ್ತರ ಕಳಿಸುತ್ತೇನೆ: ಇವಳು ಸುಳ್ಳು ಹೇಳುತ್ತಿದ್ದಾಳೆ, ಇವಳು ನಾನು. ನಾನು ಈಗ ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುತ್ತೇನೆ, ದಿನಾ ನಡೆಯುತ್ತೇನೆ, ಟೈಪ್ ಮಾಡುತ್ತೇನೆ. ಹೀಗೆ ಚೆನ್ನಾಗಿರುವುದೇ ಒಮ್ಮೊಮ್ಮೆ ಅಸಹ್ಯವೆನ್ನಿಸುತ್ತದೆ.

ತಿಂಗಳಿಗೊಮ್ಮೆ ಶಾರದಾಳ ರಕ್ತಪರೀಕ್ಷೆಗೆ ಜತೆಗೆ ಹೋಗುತ್ತೇನೆ. ಮಂಜುನಾಥ ಆಟೋದಲ್ಲಿ ಕೂರಿಸಿಕೊಳ್ಳುತ್ತಾನೆ, ನನ್ನೊಂದಿಗೆ ಮಾತಾಡುವುದಿಲ್ಲ. ಶಾರದಾಳ ಮಾತು ನಿಧಾನಕ್ಕೆ ಮರಳುತ್ತಿದೆ, ಒಂದೊಂದೇ ಪದ. ಹೋದ ತಿಂಗಳು ಸಾಲಿನಲ್ಲಿ ಕೂತಿದ್ದಾಗ ತಡೆಯಲಾಗದೆ ಕೇಳಿಬಿಟ್ಟೆ, "ನನ್ನನ್ನ ಕ್ಷಮಿಸ್ತೀಯಾ ಶಾರದಾ?"

ಅವಳು ಬಹಳ ಹೊತ್ತು ಪದಗಳನ್ನು ಜೋಡಿಸಿಕೊಂಡಳು. ಅವಸರ ಮಾಡಬಾರದೆಂದು ಕಲಿತಿದ್ದೇನೆ, ಕಾದೆ.

"ಕೇಳ್ಬೇಡಿ ಅಕ್ಕ," ಎಂದಳು. "ಇಲ್ಲ... ಅನ್ನೋಕೆ... ಬೇಜಾರಾಗತ್ತೆ."

ಆಗ ಅವಳ ನಂಬರು ಕೂಗಿದರು. ಎಡಗೈಯಿಂದ ನನ್ನ ಭುಜ ಹಿಡಿದು ಎದ್ದಳು.